ಬಿಂಬಕ್ಕಿಂತ ಮೊದಲ ಪ್ರತಿಬಿಂಬ

ಜರ್ಮನಿಯ ಹ್ಯಾಂಬರ್ಗ್ ನಗರದ ಹಳೆಯ ಉಗ್ರಾಣವೊಂದರಲ್ಲಿ 2001ರಲ್ಲಿ ತೆರೆದ ‘ಮಿನಿಯಾಟೂರ್ ವುಂಡರ್‌ಲ್ಯಾಂಡ್’ ಎಂಬುದು ಆಟಿಕೆಯ ರೈಲುಗಳು ಸಂಚರಿಸುವ ಪುಟ್ಟ ಜಗತ್ತು. ಅಲ್ಲಿಯ ಬಂಡಿ, ಮನೆ, ಮನುಷ್ಯರೆಲ್ಲ ನಿಜದ ಅಳತೆಯ 87ರಲ್ಲೊಂದು ಪಾಲು. ಈ ನಿಯಮಕ್ಕೆ ಮಣಿಯದವು ಪರ್ವತಗಳು. 4,478 ಮೀಟರ್ ಎತ್ತರದ ಮ್ಯಾಟರ್‌ಹಾರ್ನ್ ಶಿಖರವು ಆ ಲೆಕ್ಕದಲ್ಲಿ 51 ಮೀಟರಾಗಬೇಕು. ಎರಡು ಅಂತಸ್ತುಗಳನ್ನು ಕೂಡಿಸಿದರೂ ದೊರೆತುದು ಆರು ಮೀಟರಿಗೆ ತುಸು ಕಡಮೆ. ಆದಕಾರಣ ಶಿಲ್ಪಿಗಳು ಔನ್ನತ್ಯವನ್ನು ತೊರೆದು ಆಕೃತಿಯನ್ನು ಉಳಿಸಿಕೊಂಡರು. ಇದನ್ನು ಸುಳ್ಳೆನ್ನಲಾಗದು, ಬೆಟ್ಟವನ್ನು ಕಣ್ಣು ಗುರುತಿಸುವುದು ರೂಪದಿಂದಷ್ಟೆ.

ಕಟ್ಟಡಗಳ ವಿಷಯ ಬೇರೆ. ಅದೇ ಊರಿನಲ್ಲಿ, ಎಲ್ಬೆ ನದಿಯ ದಡದಲ್ಲಿ, 110 ಮೀಟರ್ ಎತ್ತರದ ‘ಎಲ್ಬ್‌ಫಿಲ್ಹಾರ್ಮೊನಿ’ ಸಂಗೀತಮಂದಿರದ ಕೆಲಸವು 2007ರಲ್ಲಿ ತೊಡಗಿ, ವ್ಯಯವೂ ವಿಳಂಬವೂ ಬೆಳೆಯುತ್ತಲೇ ಇರಲು, ಅದರ ಪ್ರತಿಕೃತಿಯು 2013ರಲ್ಲಿಯೇ ಪೂರ್ಣವಾಯಿತು. ಬಿಂಬವಿಲ್ಲದೆ ಪ್ರತಿಬಿಂಬವಿಲ್ಲವೆನ್ನುವ ಶಾಸ್ತ್ರಜ್ಞರು ಇದಕ್ಕೇನೆನ್ನುವರೋ! ನಿಜವಾದ ಮಂದಿರದಲ್ಲಿ ಮೊದಲ ಕಚೇರಿ ನಡೆದುದು 2017ರ ಜನವರಿ 11ರಂದು.