ಇಡ್ಲಿಗೆ ಹುಳಿ ಬಂದ ಹಾದಿ

ಉದ್ದನ್ನು ಮಜ್ಜಿಗೆಯಲ್ಲಿ ನೆನೆಹಾಕು, ನುಣ್ಣಗೆ ಅರೆ, ಮೊಸರಿನ ತಿಳಿನೀರು ಮತ್ತು ಮಸಾಲೆ ಬೆರೆಸು. ಸುಮಾರು 1025ರಲ್ಲಿ ಎರಡನೆಯ ಚಾವುಂಡರಾಯ ತನ್ನ ‘ಲೋಕೋಪಕಾರ’ದಲ್ಲಿ ಇಡ್ಲಿಗೆ ಹೇಳಿದ ಕ್ರಮದ ತಿರುಳು ಇಷ್ಟೇ. ಕಲ್ಯಾಣದ ಚಾಲುಕ್ಯ ಅರಸ ಜಯಸಿಂಹನ ಕಾಲದ ಈ ಕವಿ ಜ್ಯೋತಿಷ, ವಾಸ್ತು, ಬಾವಿಗೆ ಜಲದ ಸೆಲೆ ಹುಡುಕುವ ಬಗೆ, ಗಿಡಮರಗಳ ಆರೈಕೆ, ವಿಷವೈದ್ಯಗಳ ಸಾಲಿನಲ್ಲೇ ಅಡುಗೆಯನ್ನೂ ಕೂರಿಸಿದ. ಬೇಳೆ ನೆನೆಸುವ ಉಪಾಯವೂ ಪದ್ಯಕ್ಕೆ ತಕ್ಕ ವಿಷಯವೆಂದು ಕನ್ನಡದ ಕವಿಯೊಬ್ಬ ಸಾವಿರ ವರ್ಷದ ಹಿಂದೆಯೇ ಬಗೆದಿದ್ದ. ನಮ್ಮ ಸಾಹಿತ್ಯ ಚರಿತ್ರೆಗಳು ಇದಕ್ಕೆ ಇನ್ನಷ್ಟು ಜಾಗ ಕೊಡಬೇಕಿತ್ತು.

ಇದಕ್ಕೂ ನೂರು ವರ್ಷ ಮೊದಲಿನ ‘ವಡ್ಡಾರಾಧನೆ’ಯಲ್ಲಿ ಮನೆಗೆ ಬಂದವರಿಗೆ ಬಡಿಸುವ ತಿನಿಸುಗಳ ನಡುವೆ ಇಡ್ಡಲಿಗೆ ಕಾಣಿಸುತ್ತದೆ. ‘ಲೋಕೋಪಕಾರ’ದ ನೂರು ವರ್ಷದ ನಂತರ ಚಾಲುಕ್ಯ ಅರಸ ಮೂರನೆಯ ಸೋಮೇಶ್ವರನ ಸಂಸ್ಕೃತ ಗ್ರಂಥ ‘ಮಾನಸೋಲ್ಲಾಸ’ದಲ್ಲಿ ಅದು ಇಡ್ಡರಿಕಾ ಆಗಿ, ಮೆಣಸು, ಜೀರಿಗೆ, ಇಂಗಿನೊಂದಿಗೆ ಅರಮನೆ ಸೇರುತ್ತದೆ.

ಈ ಹಳೆಯ ಇಡ್ಲಿಯಲ್ಲಿ ಅಕ್ಕಿಯ ಸುಳಿವಿಲ್ಲ. ರಾತ್ರಿಯಿಡೀ ಹುದುಗು ಬರಿಸುವ ಮಾತಿಲ್ಲ. ಆಹಾರ ಇತಿಹಾಸಕಾರ ಕೆ.ಟಿ. ಅಚಯ ಇದನ್ನು ಗಮನಿಸಿ, ಹುದುಗಿಸುವ ಮತ್ತು ಹಬೆಯಲ್ಲಿ ಬೇಯಿಸುವ ಪದ್ಧತಿ ಇಂಡೋನೇಷ್ಯಾದಿಂದ ಅರಸರ ಬಾಣಸಿಗರ ಜೊತೆ ಬಂದಿರಬಹುದೆಂದು ಊಹಿಸಿದರು. ಊಹೆ ಸೊಗಸಾಗಿದೆ, ಆದರೆ ಒಪ್ಪುವುದು ಕಷ್ಟ. ಹಬೆಗೆ ವಿಶೇಷ ಪಾತ್ರೆಯೇನೂ ಬೇಡ. ನೀರು ಕುದಿಯುವ ಮಡಕೆಯ ಬಾಯಿಗೆ ಒದ್ದೆ ಬಟ್ಟೆ ಕಟ್ಟಿದರೆ ಸಾಕು. ಕರಾವಳಿಯಲ್ಲಿ ಹಲಸಿನ ಎಲೆಯ ಕೊಟ್ಟೆ, ಕೇದಗೆ ಎಲೆಯ ಮೂಡೆ, ಅರಿಶಿನ ಎಲೆಯಲ್ಲಿ ಮಡಿಚಿದ ಕಡುಬು, ಎಲ್ಲವೂ ಹಬೆಯಲ್ಲೇ ಬೇಯುತ್ತವೆ. ಒಂದು ತಿನಿಸು ಗ್ರಂಥಕ್ಕೆ ಏರುವ ಎಷ್ಟೋ ಮೊದಲೇ ಯಾವುದೋ ಹಿತ್ತಿಲ ಒಲೆಯ ಮೇಲೆ ಬೆಂದಿರಬಹುದು.

ಅಂತೂ ಮಜ್ಜಿಗೆಯ ಕೆಲಸವನ್ನು ಕಾಲಾಂತರದಲ್ಲಿ ರಾತ್ರಿ ವಹಿಸಿಕೊಂಡಿತು. 1965ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇದರ ಗುಟ್ಟನ್ನು ಬಿಡಿಸಿತು. ಹಿಟ್ಟನ್ನು ಉಬ್ಬಿಸುವ ಲ್ಯೂಕೊನಾಸ್ಟಾಕ್ ಬ್ಯಾಕ್ಟೀರಿಯಾ ಹೊರಗಿನಿಂದ ಬರಬೇಕಿಲ್ಲ, ಧಾನ್ಯದ ಜೊತೆಯಲ್ಲೇ ಇರುತ್ತದೆ. ಹುಳಿಯನ್ನೂ ಇಂಗಾಲದ ಡೈಆಕ್ಸೈಡನ್ನೂ ಹುಟ್ಟಿಸುವುದು ಅದೇ. ಆ ಅನಿಲವನ್ನು ಹಿಡಿದಿಡುವುದು ಉದ್ದಿನ ಲೋಳೆ ಮತ್ತು ಪ್ರೋಟೀನು. ಮಲೆನಾಡಿನ ಮಳೆಗಾಲದಲ್ಲಿ ಹಿಟ್ಟಿನ ಪಾತ್ರೆಯನ್ನು ಒಲೆಯ ಬಳಿ ಬೆಚ್ಚಗಿಡುವ ರೂಢಿಗೆ ಕಾರಣ ಈ ಜೀವಿಗಳೇ. ಚಳಿಯಲ್ಲಿ ಅವು ಮಂದವಾಗುತ್ತವೆ.

ಒರಳಿನ ಮುಂದೆ ಕೂತ ಹೆಂಗಸರು ಈ ರಸಾಯನವನ್ನು ಕೈಯಿಂದಲೇ ಅರಿತಿದ್ದರು. ಒಂದು ಕೈಯಲ್ಲಿ ಗುಂಡುಕಲ್ಲು ತಿರುಗುತ್ತಿದ್ದರೆ ಇನ್ನೊಂದು ಕೈ ಹಿಟ್ಟನ್ನು ಕಲ್ಲಿನಡಿಗೆ ತಳ್ಳುತ್ತಿತ್ತು. ಉದ್ದಿಗೆ ನೀರನ್ನು ಒಮ್ಮೆಲೇ ಸುರಿಯುತ್ತಿರಲಿಲ್ಲ, ಚಿಮುಕಿಸುತ್ತಿದ್ದರು. ಹಾಗೆ ಅರೆದಾಗ ಗಾಳಿ ಸೇರಿ ಹಿಟ್ಟು ಹೂವಿನಂತೆ ಅರಳುತ್ತದೆ. ಒಂದು ಹನಿ ಹಿಟ್ಟನ್ನು ನೀರಿಗೆ ಬಿಟ್ಟಾಗ ತೇಲಿದರೆ ಹದ ಬಂತೆಂದು ಲೆಕ್ಕ. ಮುಳುಗಿದರೆ ಇನ್ನಷ್ಟು ಅರೆಯಬೇಕು. ಅಕ್ಕಿಯದು ಬೇರೆಯೇ ಹದ. ಅದು ಸಣ್ಣ ರವೆಯಂತೆ ತರಿಯಾಗಿ ಉಳಿಯಬೇಕು. ಆದ್ದರಿಂದಲೇ ಎರಡನ್ನೂ ಬೇರೆಬೇರೆ ಅರೆದು, ಕೊನೆಗೆ ಕೈಯಿಂದ ಕಲೆಸುವುದು. ತಾಸುಗಟ್ಟಲೆ ರಟ್ಟೆ ಸೋಲಿಸುವ ದುಡಿಮೆ ಅದು, ದಿನಚರಿಯ ಭಾಗವೆಂದು ಯಾರೂ ಅದನ್ನು ಲೆಕ್ಕಕ್ಕೇ ಹಿಡಿಯಲಿಲ್ಲ.

ಆ ಭಾರವನ್ನು ಇಳಿಸಿದ್ದು ಕೊಯಮತ್ತೂರು. 1950ರ ದಶಕದಲ್ಲಿ ಅಲ್ಲಿ ರೂಪುಗೊಂಡ ವೆಟ್ ಗ್ರೈಂಡರ್ ಕಲ್ಲನ್ನು ಬಿಡದೆ, ಅದನ್ನು ತಿರುಗಿಸುವ ಕೆಲಸವನ್ನಷ್ಟೇ ವಿದ್ಯುತ್ತಿಗೆ ಒಪ್ಪಿಸಿತು. ನಿಧಾನವಾಗಿ ಸುತ್ತುವ ಕಲ್ಲಿನಲ್ಲಿ ಹಿಟ್ಟು ಅಷ್ಟಾಗಿ ಬಿಸಿಯಾಗುವುದಿಲ್ಲ. ಮಿಕ್ಸಿಯ ಬ್ಲೇಡು ವೇಗದಲ್ಲಿ ಕಾವೇರಿಸುತ್ತದೆ. ಈಗಿನ ಮನೆಗಳಲ್ಲಿ ಅರೆಯುವಾಗ ಐಸ್ ನೀರು ಹಾಕಿ, ನಡುನಡುವೆ ನಿಲ್ಲಿಸುವ ಉಪಾಯ ಹುಟ್ಟಿದ್ದು ಹೀಗೆ.

ಈ ನಡುವೆ ಬೆಂಗಳೂರಿನಲ್ಲಿ ಹುಳಿ ಮತ್ತೆ ಮೊಸರಿನ ಕಡೆಗೆ ತಿರುಗಿತ್ತು. 1942ರಲ್ಲಿ ಬರ್ಮಾ ಜಪಾನಿನ ಕೈಸೇರಿದಾಗ ಅಲ್ಲಿಂದ ಬರುತ್ತಿದ್ದ ಅಕ್ಕಿ ನಿಂತು, ಯುದ್ಧಕಾಲದ ಕೊರತೆ ಇನ್ನಷ್ಟು ಬಿಗಿಯಾಯಿತು. 1924ರಲ್ಲಿ ಆರಂಭವಾಗಿದ್ದ ಎಂ.ಟಿ.ಆರ್. ಅಕ್ಕಿಯ ಬದಲು ರವೆಯಲ್ಲಿ ಇಡ್ಲಿ ಮಾಡಿ ನೋಡಿತು, ರವೆ ಇಡ್ಲಿ ಹುಟ್ಟಿದ್ದು ಹಾಗೆ ಎಂದು ಆ ಹೋಟೆಲಿನ ಕಥೆ. ಇಲ್ಲಿ ರಾತ್ರಿ ಕಾಯುವ ಪ್ರಮೇಯವಿಲ್ಲ. ತುಪ್ಪದಲ್ಲಿ ಹುರಿದ ರವೆಗೆ ಹುಳಿಮೊಸರು ಬೀಳುತ್ತದೆ, ಉಬ್ಬಿಸಲು ಸೋಡಾ ಬರುತ್ತದೆ. ಚಾವುಂಡರಾಯನ ಮೊಸರಿನ ತಿಳಿಗೂ ಈ ಹುಳಿಮೊಸರಿಗೂ ನಡುವೆ ಒಂಬತ್ತು ಶತಮಾನಗಳ ಅಂತರ. ಹುಳಿಯನ್ನು ಹಾಲಿನ ಮನೆಯಿಂದ ಸಾಲ ತರುವ ಜಾಣ್ಮೆ ಮಾತ್ರ ಒಂದೇ. ಮೊಸರಿನ ಆಮ್ಲಕ್ಕೆ ಸೋಡಾ ತಾಗಿದ ಕ್ಷಣವೇ ಅನಿಲ ಏಳತೊಡಗುತ್ತದೆ, ತಡಮಾಡಿದರೆ ಹಾರಿಹೋಗುತ್ತದೆ. ಹಾಗಾಗಿ ರವೆಯನ್ನು ಮೊದಲೇ ಮೊಸರಿನಲ್ಲಿ ನೆನೆಯಲು ಬಿಟ್ಟು, ಪಾತ್ರೆಯಲ್ಲಿ ನೀರು ಮರಳುವಾಗ ಸೋಡಾ ಹಾಕಿ, ಕಲಸಿದ ಕೂಡಲೇ ತಟ್ಟೆಗೆ ಸುರಿಯುತ್ತಾರೆ.