ದಮ್ಮು ಮತ್ತು ಗಾಳಿ: ಡಾ. ಎಚ್. ಪರಮೇಶ್ ಅವರ ಇಪ್ಪತ್ತು ವರ್ಷಗಳ ಲೆಕ್ಕ

ಅಸ್ತಮಾಕ್ಕೆ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಭಾಗದಲ್ಲಿ ದಮ್ಮು ಎನ್ನುವುದೇ ರೂಢಿ. ಫಾರಸಿಯಲ್ಲಿ ‘ದಮ್’ ಎಂದರೆ ಉಸಿರು. ಉಸಿರಿನ ಕಾಯಿಲೆಗೂ ಸುತ್ತಲಿನ ಗಾಳಿಗೂ ನಂಟಿದೆ ಎಂಬ ವಿಚಾರ ಇಂದು ನಿನ್ನೆಯದಲ್ಲ. 10ನೇ ಶತಮಾನದ ಆರಂಭದ ಹೊತ್ತಿಗೆ ಪರ್ಶಿಯಾದ ರೈ ಪಟ್ಟಣದ ಹಕೀಮ ಅಲ್-ರಾಝಿ ಒಂದು ಪುಟ್ಟ ಗ್ರಂಥ ಬರೆದರು. ವಸಂತದಲ್ಲಿ ಗುಲಾಬಿ ಅರಳಿದಾಗ ವಿದ್ವಾಂಸ ಅಬೂ ಝೈದ್ ಅಲ್-ಬಲ್ಖಿಗೆ ನೆಗಡಿ ಬರುವುದೇಕೆ ಎಂಬುದೇ ಅದರ ವಿಷಯ. 12ನೇ ಶತಮಾನದ ಕೊನೆಯಲ್ಲಿ ಸುಲ್ತಾನ್ ಸಲಾಹುದ್ದೀನರ ಆಸ್ಥಾನಕ್ಕೆ ವೈದ್ಯರಾಗಿದ್ದ ಯಹೂದಿ ವಿದ್ವಾಂಸ ಮೂಸಾ ಬಿನ್ ಮೈಮೂನ್ ಅರಬ್ಬಿಯಲ್ಲಿ ಅಸ್ತಮಾ ಕುರಿತು ಪುಸ್ತಕ ಬರೆದು, ಬಯಲಿನ ಗಾಳಿಗಿಂತ ಪಟ್ಟಣದ ಗಾಳಿ ಕೆಟ್ಟದ್ದೆಂದು ಹೇಳಿದರು. ‘ಅಲರ್ಜಿ’ ಎಂಬ ಪದ ಹುಟ್ಟಿದ್ದು ಬಹಳ ತಡವಾಗಿ. ವಿಯೆನ್ನಾದ ಮಕ್ಕಳ ವೈದ್ಯ ಕ್ಲೆಮೆನ್ಸ್ ಫಾನ್ ಪಿರ್ಕೆ ಅದನ್ನು 1906ರಲ್ಲಿ ಬಳಕೆಗೆ ತಂದರು.

ಹೇಳುವುದು ಬೇರೆ, ಎಣಿಸಿ ತೋರಿಸುವುದು ಬೇರೆ. ಎಣಿಸುವ ಕೆಲಸವನ್ನು ನಮ್ಮ ರಾಜ್ಯದಲ್ಲಿ ದೀರ್ಘಕಾಲ ಮಾಡಿದವರು ಬೆಂಗಳೂರಿನ ಲೇಕ್‌ಸೈಡ್ ಆಸ್ಪತ್ರೆಯ ಮಕ್ಕಳ ಶ್ವಾಸಕೋಶ ತಜ್ಞ ಡಾ. ಎಚ್. ಪರಮೇಶ್. ಆಸ್ಪತ್ರೆಗೆ ಬಂದ 18 ವರ್ಷದೊಳಗಿನ 20,000 ಮಕ್ಕಳನ್ನು ಐದೈದು ವರ್ಷಗಳ ಅಂತರದಲ್ಲಿ ಅವರು ಅಧ್ಯಯನ ಮಾಡಿದರು. 1979ರಲ್ಲಿ ಆ ಮಕ್ಕಳ ಪೈಕಿ ಅಸ್ತಮಾ ಇದ್ದವರು ಶೇ. 9. 1984ರಲ್ಲಿ ಶೇ. 10.5, 1989ರಲ್ಲಿ 18.5, 1994ರಲ್ಲಿ 24.5, 1999ರಲ್ಲಿ 29.5. ಬೆಂಗಳೂರು ಬೆಳೆದು, ವಾಹನಗಳು ಹೆಚ್ಚಿದ ವರ್ಷಗಳೇ ಇವು. ಈ ಅಂಕಿಗಳನ್ನು ಓದುವಾಗ ಒಂದು ಎಚ್ಚರ ಬೇಕು. ಇವರೆಲ್ಲ ಆಸ್ಪತ್ರೆಗೆ ಬಂದ ಮಕ್ಕಳು. ಬೆಂಗಳೂರಿನ ನೂರು ಮಕ್ಕಳಲ್ಲಿ ಮೂವತ್ತು ಮಂದಿಗೆ ಅಸ್ತಮಾ ಎಂದು ಇದನ್ನು ತಿಳಿದರೆ ತಪ್ಪಾಗುತ್ತದೆ.

ಪರಮೇಶ್ ಅವರು ಆಸ್ಪತ್ರೆಯ ಲೆಕ್ಕಕ್ಕೇ ನಿಲ್ಲದೆ ಶಾಲೆಗಳಿಗೂ ಹೋದರು. 12 ಶಾಲೆಗಳ, 6ರಿಂದ 15 ವರ್ಷದ 6,550 ಮಕ್ಕಳನ್ನು ಪರೀಕ್ಷಿಸಿದರು. ವಾಹನ ಸಂಚಾರ ಕಡಿಮೆ ಇರುವ ಕಡೆಯ ಶಾಲೆಗಳಲ್ಲಿ ಅಸ್ತಮಾ ಪ್ರಮಾಣ ಶೇ. 11.15, ಸಂಚಾರ ದಟ್ಟವಾಗಿರುವ ಕಡೆ ಶೇ. 19.34. ದಟ್ಟ ಸಂಚಾರವೂ ಇದ್ದು, ಮಕ್ಕಳು ಬಡ ಕುಟುಂಬದವರೂ ಆಗಿದ್ದ ಶಾಲೆಗಳಲ್ಲಿ ಶೇ. 31.14! ಹಳ್ಳಿಗಾಡಿನಲ್ಲಿ ನಡೆಸಿದ ಮುಂದಿನ ಸಮೀಕ್ಷೆಯಲ್ಲಿ ಕಂಡದ್ದು ಕೇವಲ ಶೇ. 5.7. 2002ರಲ್ಲಿ ಇವೆಲ್ಲ ‘ಇಂಡಿಯನ್ ಜರ್ನಲ್ ಆಫ್ ಪೀಡಿಯಾಟ್ರಿಕ್ಸ್’ ಪತ್ರಿಕೆಯಲ್ಲಿ ಪ್ರಕಟವಾದವು. ವಾಹನದ ಹೊಗೆ ಎರಡೂ ಕಡೆ ದಟ್ಟವಾಗಿದ್ದರೂ ಬಡವರ ಮಕ್ಕಳಲ್ಲಿ ರೋಗ ಒಂದೂವರೆ ಪಟ್ಟು ಹೆಚ್ಚು ಎಂಬುದು, ನನ್ನ ಮಟ್ಟಿಗೆ, ಈ ಸಂಶೋಧನೆಯಲ್ಲೇ ಅತಿ ಮುಖ್ಯವಾದ ಮಾತು. ಇಕ್ಕಟ್ಟಾದ ಮನೆ, ಕಿಟಕಿಯಿಲ್ಲದ ಅಡುಗೆಮನೆ, ಮನೆಯೊಳಗೇ ಸೇದುವ ಬೀಡಿ ಇವನ್ನೆಲ್ಲ ಬಿಟ್ಟು ರಸ್ತೆಯೊಂದನ್ನೇ ದೂರಿದರೆ ಆ ಅಂತರ ಅರ್ಥವಾಗುವುದಿಲ್ಲ.

ಅಲರ್ಜಿಗೆ ಹೊಗೆಯೊಂದೇ ಕಾರಣವಲ್ಲ. 1950ರ ದಶಕದ ನಡುವೆ ಪುಣೆಯಲ್ಲಿ ಕಾಣಿಸಿಕೊಂಡ ಪಾರ್ಥೇನಿಯಂ, ಅಂದರೆ ನಮ್ಮ ಹೊಲದ ಬದುವಿನ ಕಾಂಗ್ರೆಸ್ ಕಸ, ಚರ್ಮಕ್ಕೆ ತುರಿಕೆ ತರುತ್ತದೆಂದು ರೈತರಿಗೆ ಗೊತ್ತೇ ಇದೆ. ಅದರ ಪರಾಗ ಮೂಗಿಗೂ ಶತ್ರು ಎಂಬುದನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಪಿ.ವಿ. ಸುಬ್ಬರಾವ್ ಮತ್ತು ಸಂಗಡಿಗರು 1991ರಲ್ಲಿ ಪ್ರಕಟಿಸಿದ ಅಧ್ಯಯನಗಳಲ್ಲಿ ತೋರಿಸಿದರು.

ಹಾಗಾದರೆ ಹಳ್ಳಿಯ ಶೇ. 5.7 ನೋಡಿ ನಾವು ಸಮಾಧಾನ ಪಡಬಹುದೇ? ನಮ್ಮ ಜಿಲ್ಲೆಯ ಗಾಳಿ ಎಲ್ಲೆಡೆ ಒಂದೇ ತರಹ ಇಲ್ಲ. ಗಂಗಾವತಿಯಲ್ಲಿ ಅಕ್ಕಿ ಗಿರಣಿಗಳ ಹೊಟ್ಟು, ಧೂಳು. ಕೊಪ್ಪಳದ ಪಕ್ಕದ ಗಿಣಿಗೇರಾ ಸುತ್ತ ಕಬ್ಬಿಣ, ಉಕ್ಕಿನ ಕಾರ್ಖಾನೆಗಳು. 2025ರ ಫೆಬ್ರವರಿಯಲ್ಲಿ ಪಟ್ಟಣಕ್ಕೆ ಹೊಂದಿಕೊಂಡ ಉಕ್ಕಿನ ಕಾರ್ಖಾನೆಯ ವಿಸ್ತರಣೆಯನ್ನು ವಿರೋಧಿಸಿ ಕೊಪ್ಪಳ ಬಂದ್ ಆಯಿತು. ಗವಿಮಠದ ಸ್ವಾಮೀಜಿಯವರೂ ಬೀದಿಗಿಳಿದರು. ಕುಷ್ಟಗಿ, ಯಲಬುರ್ಗಾದ ಒಣಬೇಸಾಯದ ಹಳ್ಳಿಗಳಲ್ಲಿ ಹೊಗೆ ಇರುವುದು ಮನೆಯೊಳಗೆ. ಗ್ಯಾಸ್ ಬಂದಿರುವ ಮನೆಗಳಲ್ಲೂ ರೊಟ್ಟಿ ಬಡಿಯಲು, ನೀರು ಕಾಯಿಸಲು ಒಲೆಯೇ ಬೇಕು. ಉರುವಲು ಹತ್ತಿ ಕಟ್ಟಿಗೆ, ತೊಗರಿ ಕಟ್ಟಿಗೆ, ಕುಳ್ಳು.

ಈ ಒಲೆಯ ಹೊಗೆಗೂ ಒಂದು ಲೆಕ್ಕವಿದೆ. ಮೈಸೂರಿನ ಜೆ.ಎಸ್.ಎಸ್. ವೈದ್ಯಕೀಯ ಕಾಲೇಜಿನ ಡಾ. ಪಿ.ಎ. ಮಹೇಶ್ ಮತ್ತು ಸಂಗಡಿಗರು ಆ ಭಾಗದ ಗ್ರಾಮೀಣ ಮಹಿಳೆಯರನ್ನು ಅಧ್ಯಯನ ಮಾಡಿ 2013ರಲ್ಲಿ ಅದನ್ನು ಪ್ರಕಟಿಸಿದರು. ಅದು ಅಸ್ತಮಾ ಕುರಿತದ್ದಲ್ಲ, ದೀರ್ಘಕಾಲದ ಕೆಮ್ಮು ಕಫದ ಬ್ರಾಂಕೈಟಿಸ್ ಕುರಿತದ್ದು. ದಿನಕ್ಕೆ ಎಷ್ಟು ತಾಸು ಒಲೆಯ ಮುಂದೆ, ಅದೂ ಎಷ್ಟು ವರ್ಷ, ಎರಡನ್ನೂ ಗುಣಿಸಬೇಕು. ಬಂದ ಸಂಖ್ಯೆ 60 ಮುಟ್ಟಿದರೆ ರೋಗದ ಅಪಾಯ ಸ್ಪಷ್ಟವಾಗಿ ಏರುತ್ತದೆ. ವಿದ್ಯಾರ್ಥಿಗಳು ಇದನ್ನು ಮನೆಯಲ್ಲಿ ಅಮ್ಮನನ್ನು, ಅಜ್ಜಿಯನ್ನು ಕೇಳಿ ಐದು ನಿಮಿಷದಲ್ಲಿ ಮಾಡಬಹುದು. ಹದಿನೆಂಟಕ್ಕೆ ಮದುವೆಯಾಗಿ ಬಂದು, ದಿನಕ್ಕೆ ಮೂರು ತಾಸು ಒಲೆ ಊದಿದವಳು 60 ಮುಟ್ಟುವಾಗ ಅವಳಿಗೆ ಮೂವತ್ತೆಂಟು ವರ್ಷ.