ಸರ್ ಎಂ.ವಿ. ಪೇಟೆಂಟಿನ ಬೆಲೆ ಎಷ್ಟು?

ಶಿವಾಜಿನಗರ ಅಂದ ಕೂಡಲೇ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಬೆಂಗಳೂರಿನ ರಸೆಲ್ ಮಾರ್ಕೆಟ್ಟು, ಅಲ್ಲಿನ ಬಸ್ ಸ್ಟ್ಯಾಂಡು. ಈ ಸಲ ಹೇಳಹೊರಟಿರುವುದು ಪುಣೆಯ ಶಿವಾಜಿನಗರದಿಂದ ಶುರುವಾಗುವ ಕಥೆ. ಮುಳಾ ಮತ್ತು ಮುಠಾ ನದಿಗಳು ಕೂಡುವ ಸಂಗಮದ ಹತ್ತಿರ ಅಲ್ಲೊಂದು ಹಳೆಯ ಇಂಜಿನಿಯರಿಂಗ್ ಕಾಲೇಜಿದೆ. ಅದರ ಮೂಲ 1854ರದ್ದು. ಈಗ ಅದು ಸಿಓಇಪಿ ತಾಂತ್ರಿಕ ವಿಶ್ವವಿದ್ಯಾಲಯ. 1880ರ ದಶಕದಲ್ಲಿ ಜನ ಅದನ್ನು ಕಾಲೇಜ್ ಆಫ್ ಸೈನ್ಸ್ ಅನ್ನುತ್ತಿದ್ದರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಬಿ.ಎ. ಮುಗಿಸಿ, ಮೈಸೂರು ಸರ್ಕಾರದ ವಿದ್ಯಾರ್ಥಿವೇತನದ ಮೇಲೆ ಇಲ್ಲಿಗೆ ಬಂದ ಮುದ್ದೇನಹಳ್ಳಿಯ ಹುಡುಗನೊಬ್ಬ 1883ರಲ್ಲಿ ಮೊದಲ ಸ್ಥಾನದಲ್ಲಿ ತೇರ್ಗಡೆಯಾದ. ಮರುವರ್ಷವೇ ಮುಂಬಯಿ ಸರ್ಕಾರದ ಲೋಕೋಪಯೋಗಿ ಇಲಾಖೆ ಸೇರಿದ. ಆ ಹುಡುಗ ಯಾರೆಂದು ನಿಮಗೆ ಹೇಳಬೇಕಾಗಿಲ್ಲ.

ವಿಶ್ವೇಶ್ವರಯ್ಯನವರು ಓದಿದ ಊರಿಗೇ ಎಕ್ಸಿಕ್ಯೂಟಿವ್ ಇಂಜಿನಿಯರ್ ಆಗಿ ಮರಳಿ ಬಂದಾಗ ಎದುರಾದದ್ದು ನೀರಿನ ಲೆಕ್ಕ. ಪುಣೆಗೆ ಮತ್ತು ಅದರ ಕಾಲುವೆಗಳಿಗೆ ನೀರು ಬರುತ್ತಿದ್ದುದು ಮುಠಾ ನದಿಗೆ ಕಟ್ಟಿದ ಖಡಕ್‌ವಾಸ್ಲಾ ಜಲಾಶಯದಿಂದ. ಮಳೆಗಾಲದಲ್ಲಿ ಕೋಡಿಯ ಮೇಲೆ ಅಡಿಗಟ್ಟಲೆ ನೀರು ಹರಿದು ವ್ಯರ್ಥವಾಗುತ್ತಿತ್ತು, ಬೇಸಿಗೆಯಲ್ಲಿ ಅದೇ ನೀರಿಗೆ ಹಾಹಾಕಾರ. ಕಟ್ಟೆಯನ್ನು ಎತ್ತರಿಸಬಹುದಿತ್ತು, ಆದರೆ ಹಳೆಯ ಕಟ್ಟೆ ಹೆಚ್ಚಿನ ಒತ್ತಡ ತಡೆದೀತೇ? ಅವರು ಕಟ್ಟೆಯನ್ನು ಮುಟ್ಟಲಿಲ್ಲ. ಕೋಡಿಯ ಮೇಲೆ ಬಾಗಿಲುಗಳ ಸಾಲನ್ನು ನಿಲ್ಲಿಸಿದರು. ನೀರು ಗೊತ್ತಾದ ಮಟ್ಟ ಮುಟ್ಟುವವರೆಗೆ ಬಾಗಿಲು ಮುಚ್ಚಿರುತ್ತದೆ, ಮೀರಿದರೆ ತೂಕದ ಸಮತೋಲ ತಪ್ಪಿ ತಾನೇ ತೆರೆಯುತ್ತದೆ, ಇಳಿದರೆ ತಾನೇ ಮುಚ್ಚಿಕೊಳ್ಳುತ್ತದೆ. ನಡುರಾತ್ರಿ ಪ್ರವಾಹ ಬಂದರೂ ಕೊಡೆ ಹಿಡಿದು ಓಡಿಹೋಗಿ ಚಕ್ರ ತಿರುಗಿಸುವ ಆಳು ಬೇಕಿಲ್ಲ! 1903ರಲ್ಲಿ ಈ ಬಾಗಿಲುಗಳು ಕೆಲಸ ಶುರುಮಾಡಿದವು. ಹಳೆಯ ಕೋಡಿಗಿಂತ ಸುಮಾರು 8 ಅಡಿ ಮೇಲೆ ನೀರು ನಿಂತಿತು, ಜಲಾಶಯದ ಸಂಗ್ರಹ ಸುಮಾರು ಕಾಲು ಭಾಗ ಹೆಚ್ಚಿತು.

ಈ ಬಾಗಿಲಿಗೆ ಅವರು ಪೇಟೆಂಟ್ ಪಡೆದರು. ಆದರೆ ರಾಯಧನದ ಮಾತು ಬಂದಾಗ ಒಲ್ಲೆ ಎಂದರು. ಕಾಮಗಾರಿಯ ಹೊಣೆ ತಮ್ಮದೇ ಆಗಿದ್ದಾಗ ಅದೇ ಕಾಮಗಾರಿಯಿಂದ ಕಾಸು ಪಡೆಯುವುದು ಅವರ ಸ್ವಭಾವಕ್ಕೆ ಒಗ್ಗುವ ಮಾತಲ್ಲ.

ಈಗ ನಿಮಗೊಂದು ಪ್ರಶ್ನೆ. ಆ ಪೇಟೆಂಟಿನ ಬೆಲೆ ಎಷ್ಟು? ರಾಯಧನವೇ ಅಳತೆಗೋಲಾದರೆ ಉತ್ತರ ಸೊನ್ನೆ. ಈ ಉತ್ತರ ಸರಿಯಿಲ್ಲ ಎಂದು ನಿಮಗೂ ಗೊತ್ತು, ನನಗೂ ಗೊತ್ತು. ಹಾಗಾದರೆ ಸರಿಯಾದ ಅಳತೆಗೋಲು ಯಾವುದು?

ಅರ್ಥಶಾಸ್ತ್ರಜ್ಞರು ಇದಕ್ಕಾಗಿ ಬಹಳ ತಲೆ ಕೆಡಿಸಿಕೊಂಡಿದ್ದಾರೆ. ಏರಿಯಲ್ ಪೇಕ್ಸ್ ಮತ್ತು ಮಾರ್ಕ್ ಶಾಂಕರ್‌ಮನ್ 1980ರ ದಶಕದಲ್ಲಿ ಒಂದು ಜಾಣ ದಾರಿ ಹಿಡಿದರು. ಪೇಟೆಂಟನ್ನು ಜೀವಂತ ಇಡಲು ಆಗಾಗ ನವೀಕರಣ ಶುಲ್ಕ ಕಟ್ಟಬೇಕು. ನಮ್ಮ ದೇಶದಲ್ಲೂ ಅವಧಿ 20 ವರ್ಷ, ಮತ್ತು ವರ್ಷ ಕಳೆದಂತೆ ಶುಲ್ಕ ಏರುತ್ತದೆ. ಲಾಭವಿಲ್ಲದ ಪೇಟೆಂಟಿಗೆ ಯಾರು ತಾನೇ ದುಡ್ಡು ಕಟ್ಟುತ್ತಾರೆ? ಯಾರು ಎಷ್ಟು ವರ್ಷ ಕಟ್ಟಿದರು ಎಂದು ನೋಡಿದರೆ ಒಡೆಯನ ಮನಸ್ಸಿನ ಬೆಲೆ ತಿಳಿಯುತ್ತದೆ. ಅವರಿಗೆ ಕಂಡದ್ದು ಇಷ್ಟು: ಬಹುಪಾಲು ಪೇಟೆಂಟುಗಳ ಬೆಲೆ ಅತ್ಯಲ್ಪ, ಬೆರಳೆಣಿಕೆಯವು ಮಾತ್ರ ಚಿನ್ನ. ಆದರೆ ಇದು ಒಡೆಯನ ಜೇಬಿನ ಲೆಕ್ಕ. ಜೇಬಿನ ಕಡೆ ನೋಡದ ಮನುಷ್ಯನಿಗೆ ಇದು ಸಲ್ಲುವುದಿಲ್ಲ.

ಇನ್ನೊಂದು ದಾರಿ ಇಸ್ರೇಲಿನ ಮ್ಯಾನುಯೆಲ್ ಟ್ರಾಯ್ಟನ್‌ಬರ್ಗ್ ಅವರದು. ಆಸ್ಪತ್ರೆಯ ಸಿ.ಟಿ. ಸ್ಕ್ಯಾನರ್‌ನ ಪೇಟೆಂಟುಗಳನ್ನೆಲ್ಲ ಕಲೆಹಾಕಿ, ಮುಂದೆ ಬಂದ ಎಷ್ಟು ಪೇಟೆಂಟುಗಳು ಅವನ್ನು ಉಲ್ಲೇಖಿಸಿವೆ ಎಂದು ಅವರು ಎಣಿಸಿದರು. 1990ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ, ಬರಿಯ ಪೇಟೆಂಟುಗಳ ಸಂಖ್ಯೆಗೂ ಸಮಾಜಕ್ಕಾದ ಲಾಭಕ್ಕೂ ತಾಳೆಯಾಗಲಿಲ್ಲ. ಉಲ್ಲೇಖಗಳ ತೂಕ ಸೇರಿಸಿದಾಗ ತಾಳೆಯಾಯಿತು. ಇದು ನನಗೆ ಹೆಚ್ಚು ಒಪ್ಪಿಗೆಯಾಗುವ ದಾರಿ. ಸಂಗೀತಗಾರನ ಹಿರಿಮೆಯನ್ನು ಅವನ ಶಿಷ್ಯರಿಂದ ಅಳೆದಂತೆ. ಆದರೆ ಅಮೆರಿಕದ ಪೇಟೆಂಟುಗಳಲ್ಲೇ ಇಂಥ ಉಲ್ಲೇಖಗಳನ್ನು ಅಚ್ಚು ಹಾಕತೊಡಗಿದ್ದು 1947ರಲ್ಲಿ. 1903ರ ಖಡಕ್‌ವಾಸ್ಲಾ ಬಾಗಿಲಿಗೆ ಈ ತಕ್ಕಡಿಯೂ ದಕ್ಕದು.

ಇಷ್ಟೆಲ್ಲ ಯಾಕೆ, ಪೇಟೆಂಟ್ ಸಿಕ್ಕಿತು ಎಂದರೆ ಗುಣಮಟ್ಟ ಇದೆ ಎಂದೇ ಅಲ್ಲವೇ, ಎಂದು ನೀವು ಕೇಳಬಹುದು. ಅರಿಶಿನವನ್ನು ನೆನಪಿಸಿಕೊಳ್ಳಿ. ಗಾಯಕ್ಕೆ ಅರಿಶಿನ ಹಚ್ಚುವುದಕ್ಕೆ 1995ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಸಿಕ್ಕಿತ್ತು! ನಮ್ಮ ಅಜ್ಜಿಯರು ಕೇಳಿದ್ದರೆ ನಕ್ಕುಬಿಡುತ್ತಿದ್ದರು. ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದ ನಿರ್ದೇಶಕರಾಗಿದ್ದ ರಘುನಾಥ ಮಾಶೇಲ್ಕರ್ ಆಗ ಸಿಎಸ್‌ಐಆರ್‌ನ ಮುಖ್ಯಸ್ಥರಾಗಿದ್ದರು. ಹಳೆಯ ಗ್ರಂಥಗಳ ಆಧಾರ ಮುಂದಿಟ್ಟು ಸಿಎಸ್‌ಐಆರ್ ಹೋರಾಡಿತು, 1997ರಲ್ಲಿ ಆ ಪೇಟೆಂಟ್ ರದ್ದಾಯಿತು. ಅಷ್ಟಾದರೂ ನಾವು ಎಣಿಕೆಯನ್ನು ಬಿಟ್ಟಿಲ್ಲ. ಕಾಲೇಜುಗಳಿಗೆ ದರ್ಜೆ ಕೊಡುವ ಎನ್‌ಐಆರ್‌ಎಫ್ ಪಟ್ಟಿಯಲ್ಲಿ ಪೇಟೆಂಟುಗಳ ಸಂಖ್ಯೆಗೂ ಅಂಕವಿದೆ. ಅಂಕಕ್ಕಾಗಿ ಅರ್ಜಿ ಗುಜರಾಯಿಸುವವರು ಇಲ್ಲವೆಂದು ಯಾರೂ ಎದೆ ತಟ್ಟಿ ಹೇಳಲಾರರು.

ಮತ್ತೆ ಬಾಗಿಲಿಗೆ ಬರೋಣ. ಖಡಕ್‌ವಾಸ್ಲಾ ಆದ ಮೇಲೆ ಅಂಥವೇ ಬಾಗಿಲುಗಳು ಗ್ವಾಲಿಯರಿನ ತಿಗ್ರಾ ಅಣೆಕಟ್ಟೆಗೆ ಹೋದವು, ಆಮೇಲೆ ನಮ್ಮ ಕನ್ನಂಬಾಡಿಗೆ ಬಂದವು. ನಾನಾದರೆ ಇದನ್ನೇ ಉಲ್ಲೇಖ ಎಂದು ಎಣಿಸುತ್ತೇನೆ. ಕಾಗದದಲ್ಲಿ ಅಲ್ಲ, ಕಲ್ಲುಗಾರೆಯಲ್ಲಿ ಬರೆದ ಉಲ್ಲೇಖ. ಖಡಕ್‌ವಾಸ್ಲಾ ಕಟ್ಟೆಗೆ ಮಾತ್ರ ಬೇರೆಯೇ ಗತಿ ಕಾದಿತ್ತು. 1961ರ ಜುಲೈ 12ರಂದು ಮೇಲಿನ ಪಾನ್‌ಶೆತ್ ಅಣೆಕಟ್ಟೆ ಒಡೆದು, ಆ ನೀರಿನ ಹೊಡೆತಕ್ಕೆ ಖಡಕ್‌ವಾಸ್ಲಾ ಕೂಡ ಅಂದೇ ಒಡೆಯಿತು. ಪುಣೆಯ ನದೀತೀರದ ಪೇಟೆಗಳು ಮುಳುಗಿದವು. ಕಟ್ಟೆಯನ್ನು ಮತ್ತೆ ಕಟ್ಟಬೇಕಾಯಿತು.

ಕೊನೆಗೊಂದು ವಿಷಯ. ಪುಣೆಯಲ್ಲಿದ್ದ ಆ ವರ್ಷಗಳಲ್ಲೇ ಸರ್ ಎಂ.ವಿ. ಬ್ಲಾಕ್ ಪದ್ಧತಿ ಎಂಬ ನೀರಾವರಿ ಕ್ರಮವನ್ನೂ ರೂಪಿಸಿದರು. ಕಾಲುವೆ ನೀರು ನಾಲ್ಕಾರು ಹಳ್ಳಿಗಳ ಕಬ್ಬಿಗೇ ಹರಿದು ಮುಗಿಯದಂತೆ, ಜಮೀನನ್ನು ಬ್ಲಾಕುಗಳಾಗಿ ವಿಂಗಡಿಸಿ ಬೆಳೆಗಳನ್ನು ಸರದಿಯ ಮೇಲೆ ಬೆಳೆಸುವುದು, ಹೆಚ್ಚು ಹಳ್ಳಿಗಳಿಗೆ ನೀರು ಮುಟ್ಟಿಸುವುದು. ರೈತರ ಮಟ್ಟಿಗೆ ಬಾಗಿಲಿಗಿಂತ ಇದೇ ದೊಡ್ಡದಾಗಿತ್ತೇನೋ. ಅದೊಂದು ಯಂತ್ರವಲ್ಲ, ನೀರು ಹಂಚುವ ರೀತಿ, ಅಷ್ಟೇ. ಅದಕ್ಕೆ ಪೇಟೆಂಟ್ ಇರಲಿಲ್ಲ.